ಇಜಾರಾದಲ್ಲಿ ವಿಮಾನ ತರುವಾಗ ಕಾಗದ ಓದುವ ಬಗೆ

ದುಬೈಗೆ ಕೆಲಸಕ್ಕೆ ಬರುವ ನಮ್ಮ ಕರಾವಳಿ ಕಡೆಯ ಸಿಎಗಳಿಗೆ ಸಾಲದ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಇಜಾರಾ ಅಂದರೆ ಬಡ್ಡಿಯನ್ನು ನಿಷೇಧಿಸುವ ಶರಿಯಾ, ಅಂದರೆ ಇಸ್ಲಾಮಿಕ್ ನಿಯಮಗಳ ಪ್ರಕಾರದ ಬಾಡಿಗೆ ಒಪ್ಪಂದ. ಆದರೆ ವಿಮಾನದ ಇಜಾರಾ ಫೈಲ್ ಸಿಕ್ಕಾಗ ಎಷ್ಟೋ ಜನ ಅದನ್ನು ಸಾಲ ಅಂತಲೇ ಓದುತ್ತಾರೆ. ಬಡ್ಡಿಯ ಜಾಗದಲ್ಲಿ ಬಾಡಿಗೆ ಅಂತ ಬರೆದಿದ್ದಾರೆ, ಅಷ್ಟೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಏರ್‌ಲೈನ್ ಕಡೆಯಿಂದ ಈ ಕಾಗದ ನೋಡುವುದೇ ನನ್ನ ಕೆಲಸ. ಪ್ರತಿ ಪುಟದಲ್ಲೂ ನಾನು ಕೇಳುವುದು ಒಂದೇ: ವಿಮಾನದ ಮಾಲೀಕರು ಯಾರು, ಮಾಲೀಕತನದ ಹೊಣೆ ಅವರ ಮೇಲೆ ಇದೆಯಾ?

ಮೊದಲು ಮಾರಾಟದ ಪತ್ರ ತೆಗೆಯಿರಿ. ಬಾಡಿಗೆಗೆ ಕೊಡುವವರು ವಿಮಾನವನ್ನು ಮೊದಲು ಕೊಂಡಿರಬೇಕು. ಸಾಮಾನ್ಯವಾಗಿ ಆ ಒಂದು ವಿಮಾನಕ್ಕೆಂದೇ ಕಟ್ಟಿದ ಕಂಪನಿ ಕೊಂಡಿರುತ್ತದೆ. ವಿಮಾನ ನಿಮ್ಮ ಕೈಗೆ ಬಂದ ಮೇಲೆಯೇ ಬಾಡಿಗೆ ಶುರು. ಕಾರ್ಖಾನೆಯಲ್ಲಿ ಇನ್ನೂ ತಯಾರಾಗುತ್ತಿರುವಾಗಲೇ ಹಣ ಕೇಳಿದರೆ ಅದು ಮುಂಗಡ ಬಾಡಿಗೆ. ವಿಮಾನ ಬರದಿದ್ದರೆ ಅದನ್ನು ವಾಪಸ್ ಕೊಡುವ ಷರತ್ತು ಇದೆಯಾ ಅಂತ ಹುಡುಕಿ.

ಆಮೇಲೆ ರಿಪೇರಿ ಮತ್ತು ವಿಮೆ. ಇಲ್ಲಿ ನಿಧಾನವಾಗಿ ಓದಿ. ಬಾಡಿಗೆ ಮನೆಯ ಸೂರು ಸೋರಿದರೆ ಮಾಲೀಕರು ಸರಿ ಮಾಡಿಸುತ್ತಾರೆ, ಬಲ್ಬ್ ಹೋದರೆ ನಾವೇ ಹಾಕಿಕೊಳ್ಳುತ್ತೇವೆ, ಅಲ್ವಾ? ಇಜಾರಾದಲ್ಲೂ ದಿನದಿನದ ನಿರ್ವಹಣೆ ಏರ್‌ಲೈನ್‌ದು. ದೊಡ್ಡ ರಿಪೇರಿ ಮತ್ತು ವಿಮೆ ಮಾಲೀಕರ ಹೊಣೆ. ಆದರೆ ಹಣಕಾಸು ಕಂಪನಿಗೆ ಹ್ಯಾಂಗರ್ ಎಲ್ಲಿಂದ ಬರಬೇಕು? ಅದಕ್ಕೆ ಅವರು ಏರ್‌ಲೈನನ್ನೇ ಸರ್ವೀಸ್ ಏಜೆಂಟ್ ಮಾಡುತ್ತಾರೆ. ನೀವು ಅವರ ಪರವಾಗಿ ಖರ್ಚು ಮಾಡುತ್ತೀರಿ. ಮುಂದಿನ ಅವಧಿಗೆ ಅಷ್ಟೇ ಮೊತ್ತ ಹೆಚ್ಚುವರಿ ಬಾಡಿಗೆಯಾಗಿ ಸೇರುತ್ತದೆ. ಎರಡನ್ನೂ ಒಂದಕ್ಕೊಂದು ಸರಿದೂಗಿಸುತ್ತಾರೆ. ಸುಮ್ನೆ ಸುತ್ತು ಬಳಸಿ ಬಂದ ಹಾಗೆ ಕಾಣುತ್ತದೆ ನಿಜ. ಆದರೂ ಇದನ್ನು ಹಗುರವಾಗಿ ನೋಡಬೇಡಿ. ವಿಮಾನ ಪೂರ್ತಿ ನಾಶವಾದರೆ ಬಾಡಿಗೆ ಅಂದೇ ನಿಲ್ಲುತ್ತದೆ. ಪರಿಹಾರದ ಹಣ ಮಾಲೀಕರಿಗೆ ಹೋಗುತ್ತದೆ. ಆ ಹಣ ಕಡಿಮೆ ಬಿದ್ದರೆ ತುಂಬಬೇಕಾದವರು ಯಾರು? ಸಾಮಾನ್ಯವಾಗಿ ವಿಮೆ ಮಾಡಿಸುವ ಕೆಲಸದಲ್ಲಿ ತಪ್ಪಿದ ಸರ್ವೀಸ್ ಏಜೆಂಟ್. ಅಂದರೆ ನೀವೇ! ವಿಮೆಯ ಮೊತ್ತ, ನವೀಕರಣದ ದಿನಾಂಕ ಎರಡನ್ನೂ ಆ ಷರತ್ತಿನ ಜೊತೆ ಇಟ್ಟು ನೋಡಿ.

ಬಾಡಿಗೆಯ ಲೆಕ್ಕ ನಿಮಗೆ ಕಷ್ಟವಾಗದು. ಲಂಡನ್ ಬ್ಯಾಂಕುಗಳ ಬಡ್ಡಿದರವಾದ ಡಾಲರ್ ಲೈಬಾರ್ 2023ರ ಜೂನ್‌ನಲ್ಲಿ ನಿಂತ ಮೇಲೆ, ಅಮೆರಿಕದ ಡಾಲರ್ ಸಾಲದ ದರವಾದ ಸೋಫರ್ ಆಧಾರದ ಸೂತ್ರಗಳೇ ಜಾಸ್ತಿ. ದರವನ್ನು ಅಳತೆಗೋಲಾಗಿ ಬಳಸಬಹುದು. ಆದರೆ ಪ್ರತಿ ಅವಧಿಯ ಬಾಡಿಗೆ ಆ ಅವಧಿ ಶುರುವಾಗುವ ಮೊದಲೇ ಗೊತ್ತಾಗಬೇಕು. ಅವಧಿ ಮುಗಿದ ಮೇಲೆ ಲೆಕ್ಕ ಹಾಕುವ ಸೋಫರ್ ಇಲ್ಲಿ ನಡೆಯುವುದಿಲ್ಲ. ತಡವಾಗಿ ಕಟ್ಟಿದರೆ ದಂಡ ಇರುತ್ತದೆ, ನಿಜವಾದ ಖರ್ಚು ಕಳೆದು ಉಳಿದದ್ದು ದಾನಕ್ಕೆ. ಮಾಲೀಕರ ಲಾಭಕ್ಕೆ ಸೇರಬಾರದು. ಈ ನಿಯಮ ನನಗೆ ತುಂಬ ಇಷ್ಟ. ಕಷ್ಟದಲ್ಲಿರುವ ಏರ್‌ಲೈನಿನ ತಡದಿಂದ ಯಾರೂ ಸಂಪಾದಿಸಬಾರದು ಎಂಬುದು ಇದರ ಹಿಂದಿದೆ.

ಕೊನೆಗೆ ವಿಮಾನ ನಿಮ್ಮದಾಗಬೇಕೆಂದಿದ್ದರೆ ಆ ಮಾತು ಬಾಡಿಗೆ ಪತ್ರದಲ್ಲಿ ಇರಬಾರದು. ಬೇರೆ ಕಾಗದದಲ್ಲಿ, ಒಂದೇ ಕಡೆಯವರು ಕೊಡುವ ವಾಗ್ದಾನವಾಗಿ ಇರಬೇಕು. ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ರೂಪಿಸುವ ಬಹ್ರೇನ್‌ನ ಅಯೋಫಿ ಸಂಸ್ಥೆಯ 9ನೇ ಶರಿಯಾ ಮಾನದಂಡ ಇಜಾರಾದ್ದೇ. ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಕಾನೂನಿನ ಷರತ್ತು ಹಾರಿಸಬೇಡಿ. ಹೆಚ್ಚಿನವು ಇಂಗ್ಲೆಂಡಿನ ಕಾನೂನಿಗೆ ಒಳಪಟ್ಟಿರುತ್ತವೆ. 2004ರಲ್ಲಿ ಶಾಮಿಲ್ ಬ್ಯಾಂಕ್ ಮತ್ತು ಬೆಕ್ಸಿಮ್ಕೊ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಒಪ್ಪಂದಕ್ಕೆ ಇಂಗ್ಲಿಷ್ ಕಾನೂನನ್ನೇ ಅನ್ವಯಿಸಿತು, ಶರಿಯಾದ ಸಾಮಾನ್ಯ ಉಲ್ಲೇಖಕ್ಕೆ ಬೆಲೆ ಸಿಗಲಿಲ್ಲ. ಹಾಗಾಗಿ ನಿಮಗೆ ಬೇಕಾದ ರಕ್ಷಣೆ ಷರತ್ತಿನಲ್ಲೇ ಬಿಡಿಬಿಡಿಯಾಗಿ ಬರೆದಿರಲಿ.

ಇದು ಸಣ್ಣ ಮಾರುಕಟ್ಟೆ ಅಂದುಕೊಳ್ಳಬೇಡಿ. ವಿಮಾನ ಬಾಡಿಗೆಗೆ ಕೊಡುವ ಕುವೈತ್‌ನ ಅಲಾಫ್ಕೋ ಕಂಪನಿ 1992ರಲ್ಲೇ ಶುರುವಾಗಿತ್ತು. ಎಮಿರೇಟ್ಸ್ 2015ರಲ್ಲಿ ಬ್ರಿಟನ್ ಸರ್ಕಾರದ ರಫ್ತು ಸಂಸ್ಥೆಯ ಖಾತರಿಯಲ್ಲಿ 91.3 ಕೋಟಿ ಡಾಲರ್ ಸುಕುಕ್ (ಶರಿಯಾಕ್ಕೆ ಒಪ್ಪುವ ಬಾಂಡ್‌ನಂಥ ಪತ್ರ) ತಂದು ನಾಲ್ಕು ಎ380 ವಿಮಾನಗಳಿಗೆ ಹಣ ಹೊಂದಿಸಿತು.

ಸಹಿ ಮಾಡುವ ದಿನ ಸರದಿ ಮುಖ್ಯ. ಶರಿಯಾ ಮಂಡಳಿಯ ಫತ್ವಾ, ಅಂದರೆ ಈ ವ್ಯವಹಾರ ನಿಯಮಕ್ಕೆ ಸರಿ ಎಂಬ ಲಿಖಿತ ಅಭಿಪ್ರಾಯ, ಮೊದಲೇ ಕೈಯಲ್ಲಿರಲಿ. ಅದರಲ್ಲಿ ಹೆಸರಿಸಿದ ಕಾಗದಗಳೇ ಮೇಜಿನ ಮೇಲಿವೆಯಾ ನೋಡಿ. ಮೊದಲು ಖರೀದಿ, ಆಮೇಲೆ ಬಾಡಿಗೆ, ಆಮೇಲೆ ಸರ್ವೀಸ್ ಏಜೆನ್ಸಿ, ಕೊನೆಗೆ ವಾಗ್ದಾನಗಳು. ಪ್ರತಿಯೊಂದರ ಗಂಟೆ ನಿಮಿಷ ಬರೆದಿಡಿ. ಖರೀದಿಗಿಂತ ಮೊದಲೇ ಬಾಡಿಗೆಗೆ ಸಹಿ ಬಿದ್ದರೆ, ತಮ್ಮದಲ್ಲದ ವಿಮಾನವನ್ನು ಬಾಡಿಗೆಗೆ ಕೊಟ್ಟಂತಾಗುತ್ತದೆ.