ತೊಟ್ಟಿಕ್ಕುವ ನಲ್ಲಿಯಲ್ಲಿ ಕೇಯಾಸ್ ಹಿಡಿಯುವುದು ಹೇಗೆ?

ಕೇಯಾಸ್ ಅಂದರೆ ಹೊರಗೆ ಗೊಂದಲದ ಹಾಗೆ ಕಂಡರೂ ಒಳಗೆ ನಿಯಮ ಇರುವ ನಡವಳಿಕೆ. ಅದನ್ನು ನೋಡಲು ಲ್ಯಾಬ್ ಬೇಕಿಲ್ಲ, ಒಂದು ನಲ್ಲಿ ಸಾಕು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನಲ್ಲಿ ಭೌತವಿಜ್ಞಾನಿ ರಾಬರ್ಟ್ ಶಾ ಮತ್ತವರ ಜೊತೆಗಾರರು ಕೂತು ಅಳೆದದ್ದೂ ನಲ್ಲಿಯ ಹನಿಗಳನ್ನೇ.

ಪೈಪಿನ ನಲ್ಲಿ ಬೇಡ. ಪಕ್ಕದ ಮನೆಯವರು ಮೋಟರ್ ಹಾಕಿದರೂ ನೀರಿನ ಒತ್ತಡ ಬದಲಾಗುತ್ತದೆ. ಸಮಾರಂಭಗಳಲ್ಲಿ ಕುಡಿಯುವ ನೀರಿಗೆ ಇಡುತ್ತಾರಲ್ಲ, ನಲ್ಲಿ ಇರುವ ಅಗಲದ ಡ್ರಮ್, ಅದು ಒಳ್ಳೆಯದು. ಸಾವಿರ ಹನಿ ಬಿದ್ದರೂ ಅದರ ಮಟ್ಟ ಹೆಚ್ಚು ಇಳಿಯುವುದಿಲ್ಲ. ಕೆಳಗೆ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಓರೆಯಾಗಿ ಇಡಿ, ನೀರು ನಿಲ್ಲಬಾರದು. ಸ್ಟೀಲ್ ತಟ್ಟೆ ಇಟ್ಟು ನೋಡಿದ್ದೆ, ಅದರ ನಾದ ಮುಂದಿನ ಹನಿಯ ಸದ್ದನ್ನೂ ನುಂಗಿಬಿಡುತ್ತದೆ. ಪಕ್ಕದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ.

ಮೊದಲು ನಿಧಾನವಾಗಿ ಬಿಡಿ. ತೊಟ್... ತೊಟ್... ಗಡಿಯಾರದ ಹಾಗೆ. ಈಗ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಒಂದೆರಡು ನಿಮಿಷ ಸುಮ್ನೆ ಕಾಯಿರಿ, ಮತ್ತೆ ತಿರುಗಿಸಿ. ಒಂದು ಹಂತದಲ್ಲಿ ತೊಟ್-ತೊಟ್, ತೊಟ್-ತೊಟ್ ಎಂದು ಹನಿಗಳು ಜೋಡಿಯಾಗಿ ಬೀಳಬಹುದು. ಇದನ್ನು ಅವಸರದಲ್ಲಿ ದಾಟಬೇಡಿ, ನನಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಇಷ್ಟವಾಗುವುದು ಇದೇ. ಇನ್ನೂ ತಿರುಗಿಸಿದರೆ ಲಯವೇ ಕೈಗೆ ಸಿಗುವುದಿಲ್ಲ.

ಯಾಕೆ ಹೀಗೆ? ಹನಿ ಕಳಚಿದ ತಕ್ಷಣ ನಲ್ಲಿಯ ತುದಿಯಲ್ಲಿ ಉಳಿದ ನೀರು ಸ್ಪ್ರಿಂಗ್ ಹಾಗೆ ಮೇಲೆ ಜಿಗಿದು ಕುಣಿಯುತ್ತದೆ. ನಿಧಾನವಾಗಿ ಬಿಟ್ಟಾಗ ಮುಂದಿನ ಹನಿ ತುಂಬುವಷ್ಟರಲ್ಲಿ ಆ ಕುಣಿತ ನಿಂತಿರುತ್ತದೆ. ಜಾಸ್ತಿ ಬಿಟ್ಟರೆ ನಿಲ್ಲುವುದಿಲ್ಲ, ಆಗ ಮುಂದಿನ ಹನಿ ಯಾವಾಗ ಕಳಚಬೇಕು ಅನ್ನುವುದನ್ನು ಹಿಂದಿನ ಹನಿ ಬಿಟ್ಟುಹೋದ ಕುಣಿತವೇ ತೀರ್ಮಾನಿಸುತ್ತದೆ.

ಆದರೆ ಬರೀ ಗೊಂದಲವೂ ಕಿವಿಗೆ ಹೀಗೇ ಕೇಳಿಸುತ್ತದೆ, ಅಲ್ವಾ? ಅದಕ್ಕೇ ಗ್ರಾಫ್ ಬೇಕು. ರೆಕಾರ್ಡಿಂಗನ್ನು ಆಡಾಸಿಟಿ ಎಂಬ ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಪ್ರತಿ ಹನಿಯೂ ಚೂಪಾದ ಮುಳ್ಳಿನ ಹಾಗೆ ಕಾಣುತ್ತದೆ. ಕನಿಷ್ಠ 200 ಹನಿಗಳ ಸಮಯ ಬರೆದುಕೊಂಡು, ಒಂದರಿಂದ ಇನ್ನೊಂದಕ್ಕೆ ಎಷ್ಟು ಅಂತರ ಎಂದು ಲೆಕ್ಕ ಹಾಕಿ. ಅಡ್ಡಕ್ಕೆ ಒಂದು ಅಂತರ, ಉದ್ದಕ್ಕೆ ಅದರ ಮುಂದಿನ ಅಂತರ, ಹೀಗೆ ಚುಕ್ಕಿ ಇಡುತ್ತಾ ಹೋಗಿ. ಸಮ ಲಯವಿದ್ದರೆ ಎಲ್ಲ ಚುಕ್ಕಿಗಳೂ ಒಂದೇ ಕಡೆ ಗುಂಪಾಗುತ್ತವೆ, ಜೋಡಿ ಲಯವಿದ್ದರೆ ಎರಡು ಕಡೆ. ಬರೀ ಗೊಂದಲವಾದರೆ ಚೆಲ್ಲಿದ ಸಾಸಿವೆ. ಕೇಯಾಸ್ ಸಿಕ್ಕಿದ್ದರೆ ಚುಕ್ಕಿಗಳು ಚೆಲ್ಲಾಡದೆ ಬಾಗಿದ ಗೆರೆಯೊಂದರ ಮೇಲೆ ಸಾಲಾಗಿ ಕೂರುತ್ತವೆ. ಗೆರೆ ಮಸುಕಾಗಿದ್ದರೆ ತಿರುಪನ್ನು ಇಷ್ಟೇ ಇಷ್ಟು ಸರಿಸಿ, ಮತ್ತೆ ರೆಕಾರ್ಡ್ ಮಾಡಿ.