ಸೀಮೆಎಣ್ಣೆ, ಮೇ ತಿಂಗಳ ಬಿಸಿಲು ಮತ್ತು ಅರ್ಧ ದವಡೆ ಹಲ್ಲು

ಜೇಡಿಮಣ್ಣಿನಲ್ಲಿ ಸಿಕ್ಕಿಕೊಂಡ ಪುಟ್ಟ ಪಳೆಯುಳಿಕೆ ಬಿಡಿಸಲು ಒಣಗಿದ ಹೆಂಟೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಆಮೇಲೆ ನೀರು ಹಾಕಿ ಒಡೆಯುವ ವಿಧಾನ ಒಂದಿದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ಜೇಡಿ ಅದಕ್ಕೆ ಬಗ್ಗುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಒಬ್ಬ ಹಿರಿಯರಂತೂ "ಸುಮ್ನೆ ಎಣ್ಣೆ ಹಾಳು ಮಾಡ್ಬೇಡ, ಕೈಯಲ್ಲಿ ಒಡೆದು ಸಿಕ್ಕಿದ್ದನ್ನು ಆರಿಸಿಕೋ" ಅಂದಿದ್ದರು. ಈಗ ಬಗ್ಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಜೇಡಿ ಅಂದರೆ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಕೆರೆಯ ಕೆಸರು. ಅದು ಯಾಕೆ ಬೇಕು ಅಂತ ಪಳೆಯುಳಿಕೆ ಹುಡುಕುವ ನಮ್ಮವರಿಗೆ ಹೇಳಬೇಕಾಗಿಲ್ಲ. ತೆಲಂಗಾಣದ ವಿಕಾರಾಬಾದ್ ಹತ್ತಿರದ ನಸ್ಕಲ್‌ನಲ್ಲಿ ಇಂಥದ್ದೇ ಕೆಸರು ತೊಳೆದಾಗ ಡೆಕ್ಕನೊಲೆಸ್ಟಿಸ್ ಎಂಬ ಪುಟ್ಟ ಸಸ್ತನಿಯ ಹಲ್ಲು ಸಿಕ್ಕಿತು. 1988ರಲ್ಲಿ ಪ್ರಸಾದ್ ಮತ್ತು ಸಾಹ್ನಿ ಅದನ್ನು ಪ್ರಕಟಿಸಿದರು. ಕ್ರಿಟೇಶಿಯಸ್, ಅಂದರೆ ಡೈನೊಸಾರ್‌ಗಳ ಕೊನೆಯ ಯುಗದ ಸಸ್ತನಿ ಭಾರತದಲ್ಲಿ ಸಿಕ್ಕಿದ್ದು ಅದೇ ಮೊದಲು. ಆ ಪ್ರಾಣಿಯ ದವಡೆ ಹಲ್ಲು ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ಅಂಥದ್ದು ಬರಿಗಣ್ಣಿಗೆ ಬೀಳುವುದಿಲ್ಲ. ಮಣ್ಣನ್ನು ಚೀಲಗಟ್ಟಲೆ ತೊಳೆಯಲೇಬೇಕು. ನಸ್ಕಲ್‌ನಿಂದ ನಮ್ಮ ಗಡಿ ಏನು ದೂರ?

ಮೊದಲ ಸಲದ್ದು ಪೂರ್ತಿ ನಷ್ಟ. ಜನವರಿಯಲ್ಲಿ 15 ಚೀಲ ತುಂಬಿ, ಟೆಂಪೊ ಮಾಡಿ ಬೆಂಗಳೂರಿಗೆ ತಂದೆ. ಬಾಡಿಗೆಗೇ 14 ಸಾವಿರ ಹೋದ ನೆನಪು. ತೊಳೆಯಲು ಕೂತಾಗ ಜುಲೈ. ಹೊರಗೆ ಜಡಿಮಳೆ, ಒಳಗೆ ಫ್ಯಾನ್ ಕೆಳಗೆ ಮಣ್ಣು ಒಣಗಿಸಿದ್ದು. ಎಣ್ಣೆಯಲ್ಲಿ ನೆನೆಸಿ ನೀರು ಹಾಕಿದರೆ ಹೆಂಟೆಯ ಮೇಲ್ಮೈ ಒಂದಿಷ್ಟು ಸುಲಿಯಿತು, ಒಳಗೆ ಕಲ್ಲು ಕಲ್ಲೇ. ಸಿಟ್ಟು ಬಂದು ಹೈಡ್ರೋಜನ್ ಪೆರಾಕ್ಸೈಡ್ ಸುರಿದೆ. ಹೆಂಟೆ ಒಡೆಯಿತು ನಿಜ, ಜತೆಗೆ ಒಳಗಿದ್ದ ಹಲ್ಲುಗಳೂ ಒಡೆದವು. ಸಾಲದ್ದಕ್ಕೆ ದುಡ್ಡು ಉಳಿಸಲು ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನೇ ಜರಡಿ ಮಾಡಿಕೊಂಡಿದ್ದೆ. ಅದರ ಕಣ್ಣಿನಲ್ಲಿ ಏನೇನು ನುಸುಳಿ ಮೋರಿ ಸೇರಿತೋ, ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ಎಲ್ಲ ಸೇರಿ 70 ಸಾವಿರದ ಹತ್ತಿರ ಖರ್ಚು. ಕೈಗೆ ಬಂದದ್ದು ಒಂದು ಬೆಂಕಿಪೊಟ್ಟಣದಷ್ಟು ಮೀನಿನ ಹುರುಪೆ.

ತಪ್ಪು ಎಣ್ಣೆಯದ್ದಲ್ಲ, ತೇವದ್ದು. ಮಣ್ಣಿನ ಸಂದಿಯಲ್ಲಿ ಮೊದಲೇ ನೀರಿದ್ದರೆ ಎಣ್ಣೆಗೆ ಜಾಗ ಎಲ್ಲಿ? ಎಣ್ಣೆ ಒಳಗೆ ಹೋಗದಿದ್ದರೆ ಆಮೇಲೆ ನೀರು ಅದನ್ನು ತಳ್ಳಿಕೊಂಡು ನುಗ್ಗುವುದು ಹೇಗೆ? ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ಎರಡು ವರ್ಷ ಹಿಡಿಯಿತು. ನಾನು ಸುಳ್ಯದ ಕಡೆಯವನು. ಅಡಿಕೆ ಸರಿಯಾಗಿ ಒಣಗದಿದ್ದರೆ ಏನಾಗುತ್ತದೆ ಅಂತ ಮಗುವಾಗಿದ್ದಾಗಲೇ ಗೊತ್ತಿತ್ತು!

ಎರಡನೇ ಸಲ ಮಣ್ಣನ್ನು ಬೆಂಗಳೂರಿಗೆ ತರಲೇ ಇಲ್ಲ. ಏಪ್ರಿಲ್ ಕೊನೆಗೆ ಅಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದೆ. ಹಾಸು ಶಹಾಬಾದ್ ಕಲ್ಲಿನ ಮಾಳಿಗೆ, ಮಧ್ಯಾಹ್ನ ಬರಿಗಾಲಿಡುವ ಹಾಗಿಲ್ಲ. ಹೆಂಟೆಗಳನ್ನು ಅಡಿಕೆ ಗಾತ್ರಕ್ಕೆ ಒಡೆದು ಹರಡಿ, ಮೂರು ದಿನ ಬಿಟ್ಟೆ. ಒಂದು ಗುರುತಿನ ಹೆಂಟೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗುತ್ತಿದ್ದೆ. ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಲೆಕ್ಕ. ಆದರೂ ಮೊದಲ ಎರಡು ಬ್ಯಾಚ್ ಕೆಟ್ಟವು. ರಾತ್ರಿ ಹಾಗೇ ತೆರೆದಿಟ್ಟಿದ್ದೆ, ಬೆಳಗಿನೊಳಗೆ ಮತ್ತೆ ತೇವ ಎಳೆದುಕೊಂಡಿತ್ತು. ಆಮೇಲೆ ಸಂಜೆಯೇ ತುಂಬಿ, ಮುಚ್ಚಳ ಬಿಗಿಯುವ ಡ್ರಮ್ಮಿನಲ್ಲಿ ಇಟ್ಟೆ. ಎಣ್ಣೆ ಹೊಯ್ಯುವುದು ಮರುದಿನ ಬೆಳಿಗ್ಗೆ, ನೆರಳಿನಲ್ಲಿ, ಮಣ್ಣು ತಣ್ಣಗಿದ್ದಾಗ. ಬಿಸಿ ಮಣ್ಣಿಗೆ ಸೀಮೆಎಣ್ಣೆ ಹಾಕುವ ಹುಡುಗಾಟ ಮಾತ್ರ ಬೇಡ.

ಐದಾರು ಗಂಟೆ ನೆನೆಸಿ, ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಬೇರೆ ಡ್ರಮ್ಮಿಗೆ ಬಗ್ಗಿಸಿದೆ. ಆಮೇಲೆ ನೀರು. ಮೂರನೇ ಬ್ಯಾಚಿನಲ್ಲಿ ಸುಂಯ್ ಅಂತ ಸಣ್ಣ ಸದ್ದು ಬಂತು. ಹೆಂಟೆಗಳ ಅಂಚಿನಿಂದ ಗುಳ್ಳೆ ಎದ್ದವು. ಸುಣ್ಣ ಅರಳಿದ ಹಾಗೆ ಒಂದೊಂದೇ ಬಿರಿದು ಕುಸಿದವು. ಅರ್ಧ ಗಂಟೆಯಲ್ಲಿ ಡ್ರಮ್ ತುಂಬ ಅಂಬಲಿ. ನಾನು ಒಬ್ಬನೇ ಚಪ್ಪಾಳೆ ತಟ್ಟಿದೆ.

ಹೊಲದ ಯಜಮಾನರು ಬಂದು ನೋಡಿ, "ಬಂಗಾರ ಅದ ಏನ್ರಿ ಸರ ಇದ್ರಾಗ?" ಅಂದರು. "ಇಲ್ರಿ, ಕಪ್ಪಿ ಎಲುಬು" ಅಂದೆ. ಪಾಪ, ಬೋರ್‌ವೆಲ್ ನೀರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಕರೆಂಟ್ ಬರುತ್ತಿದ್ದುದು ರಾತ್ರಿ, ಹಾಗಾಗಿ ಜರಡಿ ಹಿಡಿದದ್ದೂ ರಾತ್ರಿಯೇ. ಈ ಸಲ ಅರ್ಧ ಮಿಲಿಮೀಟರಿನ ಸ್ಟೀಲ್ ಜಾಲರಿ. ಮೂರನೇ ನೀರಿಗೆ ನಾನು ಒಂದು ಚಿಟಿಕೆ ಹಾಕುತ್ತೇನೆ, ಏನು ಅಂತ ಈಗಲೇ ಹೇಳಲಾರೆ. ಅಂಗಡಿಯಲ್ಲಿ ಸಿಗುವಂಥದ್ದೇ.

600 ಕಿಲೋ ಚಿಲ್ಲರೆ ಮಣ್ಣು ಇಳಿದು 20 ಕಿಲೋ ಆಯಿತು. ಬಸ್ಸಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ತಂದೆ. ಸೀಮೆಎಣ್ಣೆ 100 ಲೀಟರಿನ ಮೇಲೆ ಹೋಯಿತು, ಲೀಟರಿಗೆ 90-100 ಕೊಟ್ಟಿರಬೇಕು. ಪ್ರತಿ ಸಲ ಮೂರರಲ್ಲಿ ಎರಡು ಪಾಲು ವಾಪಸ್ ಸಿಗುತ್ತದೆ, ಇಲ್ಲದಿದ್ದರೆ ದಿವಾಳಿಯೇ. ಒಟ್ಟು 38 ಸಾವಿರ. ಎಣ್ಣೆ ಮಾರಿದವನು ಬಿಲ್ ಕೊಡಲಿಲ್ಲ, ಬಿಲ್ ಇಲ್ಲ ಅಂತ ಅನುದಾನ ಕೊಟ್ಟವರು ದುಡ್ಡು ಕೊಡಲಿಲ್ಲ. ಆ ಭಾಗ ನನ್ನ ಜೇಬಿನಿಂದಲೇ.

20 ಕಿಲೋ ಕೂಡ ಸೂಕ್ಷ್ಮದರ್ಶಕದ ಕೆಳಗೆ ಆರಿಸಲು ಜಾಸ್ತಿಯೇ. ಎಲುಬು ಮುಳುಗಿ ಹಗುರ ಮರಳು ತೇಲುವಂಥ ಭಾರದ ದ್ರವ ಬಳಸುವುದು ವಾಡಿಕೆ. ಅವುಗಳಲ್ಲಿ ಬ್ರೋಮೋಫಾರ್ಮ್ ವಿಷ, ಬೇಡ. ಇನ್ನೊಂದು, ಸೋಡಿಯಂ ಪಾಲಿಟಂಗ್‌ಸ್ಟೇಟ್, ಅದರ ಕೋಟೇಶನ್ ತರಿಸಿ, ಓದಿ, ಮಡಚಿಟ್ಟೆ. ದಾರಿ ತೋರಿಸಿದ್ದು ಅತ್ತೆ. ಬೋಗುಣಿಯಲ್ಲಿ ನಾನು ಒದ್ದಾಡುವುದನ್ನು ನೋಡಿ, "ಅಕ್ಕಿ ಗಾಳಿಸಿದ ಹಾಗೆ ಗಾಳಿಸಬಾರದಾ?" ಅಂದರು. ಕಲ್ಲು ತಳಕ್ಕೆ, ಅಕ್ಕಿ ಮೇಲಕ್ಕೆ. ಪಳೆಯುಳಿಕೆಯಾದ ಎಲುಬು ಮತ್ತು ಹಲ್ಲು 3ರ ಆಸುಪಾಸಿನ ಸಾಂದ್ರತೆ, ಬೆಣಚು 2.65. ಮೊದಲೇ ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರೆ ಮಾಡಿಕೊಂಡರೆ ಸಾಕು. ಅತ್ತೆಯ ಕೈಯ ತಿರುವು ನನಗೆ ಬರಲಿಲ್ಲ, ಅವರೇ ಅರ್ಧ ಮಾಡಿಕೊಟ್ಟರು. ಪ್ರಬಂಧದಲ್ಲಿ ಕೃತಜ್ಞತೆ ಬರೆಯುವುದು ಬಾಕಿ ಇದೆ.

ಮೇಲೆ ಉಳಿದದ್ದನ್ನು ಚೆಲ್ಲಬೇಡಿ. ನಾನು ಮೊದಲ ಬೋಗುಣಿ ಚೆಲ್ಲಿ ಬೈಸಿಕೊಂಡೆ. ಕ್ಯಾರೋಫೈಟ್ ಪಾಚಿಯ ಕಾಯಿಗಳು, ಎಳ್ಳಿಗಿಂತ ಚಿಕ್ಕವು, ಮೈಮೇಲೆ ಸುರುಳಿ ಗೆರೆ. ಜತೆಗೆ ಆಸ್ಟ್ರಾಕೋಡ್ ಎಂಬ ಸಣ್ಣ ಜಲಜೀವಿಯ ಚಿಪ್ಪು. ಆಗಿನ ಗುಲ್ಬರ್ಗ ಜಿಲ್ಲೆಯ ಆಸ್ಟ್ರಾಕೋಡ್‌ಗಳ ಮೇಲೆ 2002ರಲ್ಲೇ ಒಳ್ಳೆಯ ಕೆಲಸ ಬಂದಿದೆ. ಇವೆಲ್ಲ ಸೇರಿ ಹೇಳುವುದು ಒಂದೇ: ಆಳವಿಲ್ಲದ, ಅಲುಗಾಡದ ಸಿಹಿನೀರು. ತಳದಲ್ಲಿ ಸಿಕ್ಕಿದ್ದೂ ಅದಕ್ಕೆ ಹೊಂದುತ್ತದೆ: ಗಾರ್ ಮೀನಿನ ಹೊಳೆಯುವ ಹುರುಪೆ ಸಾವಿರದ ಲೆಕ್ಕದಲ್ಲಿ, ಮೊಸಳೆ ಹಲ್ಲು, ಕಪ್ಪೆಯ ಸೊಂಟದ ಎಲುಬು ನಾಲ್ಕೈದು. ಇನ್ನೊಂದು ಮಾತು, ಹಳೆಯ ನೀರು, ಹವಾಮಾನ ತಿಳಿಯಲು ಐಸೊಟೋಪ್ ಪರೀಕ್ಷೆ ಮಾಡಿಸುವ ಆಸೆ ಇದ್ದರೆ ಎಣ್ಣೆ ತಾಗದ ಎರಡು ಚೀಲ ಮೊದಲೇ ಎತ್ತಿಡಿ.

ನಡುವೆ ಸುಣ್ಣದಂಶ ಜಾಸ್ತಿ ಇದ್ದ ತುಂಡುಗಳಿಗೆ ಊರಿನಿಂದ ಫಾರ್ಮಿಕ್ ಆಮ್ಲ ತಂದು ನೋಡಿದೆ. ನಮ್ಮಲ್ಲಿ ರಬ್ಬರ್ ಹಾಲು ಹೆಪ್ಪು ಹಾಕಲು ಬಳಸುತ್ತಾರಲ್ಲ, ಅದೇ. ಬೇಗ ಕರಗಿಸುತ್ತದೆ, ಎಲುಬನ್ನೂ ಬೇಗ ತಿನ್ನುತ್ತದೆ. ಅಸಿಟಿಕ್ಕೇ ವಾಸಿ, ಹಳೆಯ ಬಳಸಿದ ಆಮ್ಲ ಸ್ವಲ್ಪ ಬೆರೆಸಿಕೊಂಡು. ಕಣಜಗೂಬೆ ಉಗುಳಿದ ಉಂಡೆಗಳನ್ನೂ ತಂದು ಬಿಡಿಸಿದೆ. ಇಲಿಯ ಎಲುಬು ಗೂಬೆಯ ಹೊಟ್ಟೆಯಲ್ಲಿ ಹೇಗೆ ಸವೆಯುತ್ತದೆ ಅಂತ ನೋಡಿ, ಪಳೆಯುಳಿಕೆಯ ಸವೆತದ ಜತೆ ಹೋಲಿಸಲು. ಅದರ ಕಥೆ ಬೇರೆ, ಮನೆಯವರು ಇನ್ನೂ ಮರೆತಿಲ್ಲ.

ಹಲ್ಲು ಸಿಕ್ಕಿದ್ದು ಸೆಪ್ಟೆಂಬರಿನ ಒಂದು ರಾತ್ರಿ, ಹನ್ನೊಂದರ ಮೇಲೆ. ತಟ್ಟೆಯ ಮೂಲೆಯಲ್ಲಿ ಕಂದು ಹರಳಿನ ಹಾಗೆ ಏನೋ ಇತ್ತು. ಮೂರು ಸೊನ್ನೆಯ ಬ್ರಷ್ ಒದ್ದೆ ಮಾಡಿ ಹೊರಳಿಸಿದೆ. ಎರಡು ಮೊನೆ, ನಡುವೆ ಹಳ್ಳ, ಆಮೇಲೆ ಮುರಿದ ಅಂಚು. ಮೀನಿನದ್ದಲ್ಲ, ಮೊಸಳೆಯದ್ದಲ್ಲ. ಉಸಿರು ತಾಗಿದರೆ ಹಾರಿಹೋಗುತ್ತದೆ ಅಂತ ಮುಖ ಆಚೆ ತಿರುಗಿಸಿಕೊಂಡೇ ಕ್ಯಾಪ್ಸೂಲಿಗೆ ಇಳಿಸಿದೆ. ಯಾವ ಪ್ರಾಣಿ ಅಂತ ಪ್ರಬಂಧ ಬರುವವರೆಗೆ ಕೇಳಬೇಡಿ. ಯಾವ ಗುಡ್ಡ ಅಂತಲೂ.

ಹಿರಿಯರಿಗೆ ಫೋಟೊ ಕಳಿಸಿದೆ. "ಇನ್ನರ್ಧ ಎಲ್ಲಿ?" ಅಂತ ಉತ್ತರ ಬಂತು. ಯಜಮಾನರ ಕೊಟ್ಟಿಗೆಯಲ್ಲಿ 9 ಚೀಲ ತೊಳೆಯದೆ ಕೂತಿವೆ. ಏಪ್ರಿಲ್ ಬರಲಿ.