ಎಡಚನ ಗಿಟಾರು: ತಂತಿ ತಿರುವಿ ಕಟ್ಟಿದ ನನ್ನ ಅನುಭವ

ನಾನು ಬರೆಯುವುದು ಬಲಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ. ಇವೆರಡನ್ನೂ ಮನೆಯವರು ಚಿಕ್ಕಂದಿನಲ್ಲೇ ತಿದ್ದಿಬಿಟ್ಟಿದ್ದರು. ಚೆಂಡು ಎಸೆಯುವುದು, ತೆಂಗಿನಕಾಯಿ ತುರಿಯುವುದು ಮಾತ್ರ ಎಡಗೈಗೆ ಉಳಿದುಕೊಂಡವು, ಅವನ್ನು ಯಾರೂ ಗಮನಿಸಲಿಲ್ಲ. ಹಾಗಾಗಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಗಿಟಾರು ಹಿಡಿದಾಗ ನಾನು ಎಡಚ ಅನ್ನುವುದು ನನಗೇ ಮರೆತುಹೋಗಿತ್ತು. ಅಂಗಡಿಯಲ್ಲಿ ಕೊಟ್ಟದ್ದನ್ನು ತಗೊಂಡು ಬಂದೆ. ಮೇಷ್ಟ್ರು ಹೇಳಿದ ಹಾಗೆ ಎಡಗೈ ಬೆರಳನ್ನು ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲಿಟ್ಟು ಬಲಗೈಗೆ ತಂತಿ ಮೀಟುವ ಪಿಕ್ ಕೊಟ್ಟೆ.

ನಾಲ್ಕು ತಿಂಗಳಲ್ಲಿ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಬಂದವು, ತಾಳ ಬರಲಿಲ್ಲ. ಬಲಗೈ ಪ್ರತಿ ಸಲವೂ ಲೆಕ್ಕ ಹಾಕಿಕೊಂಡು ಮೇಲೆ ಕೆಳಗೆ ಹೋಗುತ್ತಿತ್ತು. ಒಂದು ದಿನ ಬಸ್ಸಿನಲ್ಲಿ ಹಾಡು ಕೇಳುತ್ತಾ ಕೂತಿದ್ದಾಗ ನೋಡಿಕೊಂಡೆ: ತೊಡೆ ಮೇಲೆ ತಾಳ ಹಾಕುತ್ತಿದ್ದದ್ದು ಎಡಗೈ!

ಮೇಷ್ಟ್ರಿಗೆ ಹೇಳಿದೆ. "ನೋಡಪ್ಪಾ, ಕಷ್ಟದ ಕೆಲಸವೆಲ್ಲ ತಂತಿ ಒತ್ತುವ ಕೈಯದು. ನಿನ್ನ ಚುರುಕಿನ ಕೈಯೇ ಅಲ್ಲಿದೆಯಲ್ಲ, ಪುಣ್ಯವಂತ ನೀನು" ಅಂದರು. ತಪ್ಪು ಮಾತೇನಲ್ಲ. ರಾಕ್ ಬ್ಯಾಂಡುಗಳ ಗಿಟಾರುವಾದಕರನ್ನೇ ನೋಡಿ, ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್, ಗ್ಯಾರಿ ಮೂರ್, ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್ ಮೂವರೂ ಎಡಚರು, ಮೂವರೂ ನುಡಿಸಿದ್ದು ಬಲಗೈಯವರ ಹಾಗೆಯೇ. ಆದರೆ ನನ್ನ ಕೈ ಕೇಳಬೇಕಲ್ಲ. ಅತ್ತ ನಿರ್ವಾಣ ಎಂಬ ಬ್ಯಾಂಡಿನ ಕರ್ಟ್ ಕೋಬೇನ್ ಬರೆಯುತ್ತಿದ್ದದ್ದು ಬಲಗೈಯಲ್ಲಿ, ಗಿಟಾರು ನುಡಿಸಿದ್ದು ಎಡಗೈಯಲ್ಲಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯದಂತೂ ನನ್ನದೇ ಕಥೆ. ಅಪ್ಪ ಕೊಡಿಸಿದ್ದ ಟ್ರಂಪೆಟ್ ಕೊಟ್ಟು ಗಿಟಾರು ತಂದರೂ ಕೈ ಬಗ್ಗಲಿಲ್ಲ. ಸ್ಲಿಮ್ ವಿಟ್ಮನ್ ಎಂಬ ಗಾಯಕ ಎಡಗೈಯಲ್ಲಿ ಗಿಟಾರು ಹಿಡಿದ ಚಿತ್ರ ನೋಡಿದ ಮೇಲೆ ಮೆಕಾರ್ಟ್ನಿ ತನ್ನ ಗಿಟಾರಿನ ತಂತಿಗಳನ್ನು ತಿರುವಿ ಕಟ್ಟಿದ. ನಾನೂ ಅದೇ ಮಾಡುವುದು ಅಂತ ತೀರ್ಮಾನಿಸಿದೆ.

ಗಿಟಾರನ್ನು ಮಗುಚಿ ಹಿಡಿದರೂ ದಪ್ಪ ತಂತಿ ಮೇಲೆಯೇ ಇರುವಂತೆ, ಆರೂ ತಂತಿ ಬಿಚ್ಚಿ ತಲೆಕೆಳಗು ಕ್ರಮದಲ್ಲಿ ಕಟ್ಟಲು ಅರ್ಧ ಗಂಟೆ ಸಾಕು. ತಲೆನೋವು ಶುರುವಾಗುವುದು ಆಮೇಲೆ.

ಬಿರಡೆಗಳ ಕೆಳಗೆ, ಕತ್ತಿನ ತುದಿಯಲ್ಲಿ ನಟ್ ಅನ್ನುವ ಒಂದು ಪಟ್ಟಿ ಇರುತ್ತದೆ. ತಂತಿ ಕೂರಲು ಅದರಲ್ಲಿ ಆರು ಗೀರುಗಳು. ನನ್ನ ಗಿಟಾರಿನಲ್ಲಿ ಅತಿ ಸಣ್ಣ ತಂತಿ 0.012 ಇಂಚು, ಅತಿ ದಪ್ಪದ್ದು 0.053 ಇಂಚು. ತಿರುವಿ ಕಟ್ಟಿದರೆ ದಪ್ಪ ತಂತಿ ಸಣ್ಣ ಗೀರಿನೊಳಗೆ ಇಳಿಯದೆ ಮೇಲೆಯೇ ಕೂರುತ್ತದೆ, ಸಣ್ಣ ತಂತಿ ದೊಡ್ಡ ಗೀರಿನಲ್ಲಿ ಸಡಿಲವಾಗಿ ಗಿರ್ರೆನ್ನುತ್ತದೆ. ಬೆಂಕಿಕಡ್ಡಿ ಸೀಳಿ ಗೀರಿಗೆ ತುರುಕಿ ಒಂದು ವಾರ ದೂಡಿದೆ. ಕೊನೆಗೆ ಹಳೆಯ ನಟ್ಟನ್ನು ಮೆಲ್ಲಗೆ ತಟ್ಟಿ ಎಬ್ಬಿಸಿ, ಮೂಳೆಯ ಪಟ್ಟಿ ತರಿಸಿ, ಸಣ್ಣ ಅರಗಳಲ್ಲಿ ನಾನೇ ಗೀರು ಕೊರೆದೆ. ಮೊದಲನೆಯದನ್ನು ಹೆಚ್ಚು ಉಜ್ಜಿ ಕೆಡಿಸಿದೆ, ತಂತಿ ಒಂದನೇ ಫ್ರೆಟ್ಟಿಗೇ ತಗಲುತ್ತಿತ್ತು. ಎರಡನೆಯದು ಸರಿಹೋಯಿತು. ಮಾಡುವವರಿಗೆ ಒಂದು ಮಾತು: ಎರಡು ಸಲ ಉಜ್ಜಿ, ಒಂದು ಸಲ ತಂತಿ ಇಟ್ಟು ನೋಡಿ. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ.

ಇನ್ನೊಂದು ತುದಿಯಲ್ಲಿ, ವೀಣೆಯವರು ಕುದುರೆ ಅನ್ನುವ ಜಾಗದಲ್ಲಿ, ತಂತಿಗಳು ಒರಗುವ ಸ್ಯಾಡಲ್ ಎಂಬ ಪಟ್ಟಿ ಇದೆ. ಅದು ನೇರವಾಗಿಲ್ಲ, ತುಸು ಓರೆ. ದಪ್ಪ ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಶ್ರುತಿ ಬೇಕಾದ್ದಕ್ಕಿಂತ ಸ್ವಲ್ಪ ಏರುತ್ತದೆ, ಅದನ್ನು ಸರಿದೂಗಿಸಲು ಆ ತಂತಿಗೆ ಒಂದಿಷ್ಟು ಹೆಚ್ಚು ಉದ್ದ ಕೊಟ್ಟಿರುತ್ತಾರೆ. ನಾನು ತಿರುವಿದಾಗ ಆ ಹೆಚ್ಚುವರಿ ಉದ್ದ ಸಣ್ಣ ತಂತಿಯ ಪಾಲಾಯಿತು. ಬಿಟ್ಟ ತಂತಿಗಳು ಶ್ರುತಿಯಲ್ಲಿವೆ, ಆದರೆ ಹನ್ನೆರಡನೇ ಫ್ರೆಟ್ಟಿಗೆ ಹೋದರೆ ಒಂದು ಮೇಲೆ, ಒಂದು ಕೆಳಗೆ. ಸ್ಯಾಡಲ್ ಕೂರಲು ಹಲಗೆಯಲ್ಲಿ ಹೊಸ ಗೀರು ಕೊರೆಸದೆ ಇದಕ್ಕೆ ಮದ್ದಿಲ್ಲ. ನಾನು ಕೊರೆಸಲಿಲ್ಲ, ಐದನೇ ಫ್ರೆಟ್ಟಿನ ಆಚೆ ಹೋಗುವುದನ್ನೇ ಬಿಟ್ಟೆ.

ಇದರ ಜೊತೆಗೆ ಬೆರಳುಗಳ ಗೋಳು. ನಾಲ್ಕು ತಿಂಗಳು ಕಷ್ಟಪಟ್ಟು ಬೆಳೆಸಿದ ಜಡ್ಡೆಲ್ಲ ಎಡಗೈ ಬೆರಳಲ್ಲಿ, ಈಗ ಒತ್ತಬೇಕಾದದ್ದು ಬಲಗೈಯ ಮೆತ್ತನೆ ಬೆರಳು. ಆಗ ಬ್ಲ್ಯಾಕ್ ಸಬಾತ್ ಬ್ಯಾಂಡಿನ ಗಿಟಾರುವಾದಕ ಟೋನಿ ಅಯೋಮಿಯನ್ನು ನೆನೆಯುತ್ತಿದ್ದೆ. ಬರ್ಮಿಂಗ್‌ಹ್ಯಾಮ್‌ನ ಈ ಎಡಚ ಹದಿನೇಳನೇ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿಸಿಕೊಂಡು ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಆತನಿಗೆ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ, ಮೇಲೆ ಚರ್ಮ ಅಂಟಿಸಿ, ತೆಳ್ಳನೆ ತಂತಿ ಹುಡುಕಿ ಹಾಕಿಕೊಂಡು ನುಡಿಸಿದ. 1971ರ ಹೊತ್ತಿಗೆ ಬ್ಲ್ಯಾಕ್ ಸಬಾತ್‌ನ ಆಲ್ಬಮ್ಮುಗಳಲ್ಲಿ ಶ್ರುತಿಯನ್ನೇ ಮೂರು ಸ್ವರಸ್ಥಾನ ಕೆಳಗಿಳಿಸಿದ್ದ, ತಂತಿ ಇನ್ನೂ ಸಡಿಲ. ಇಂಥವನ ಮುಂದೆ ನನ್ನ ಬೊಬ್ಬೆಗಳನ್ನು ಹೇಳಿಕೊಳ್ಳಲು ನಾಚಿಕೆ. ಆದರೂ ತೆಳ್ಳನೆ ತಂತಿಯ ಉಪಾಯ ಕದ್ದೆ: 0.011ರ ಸೆಟ್ಟು, ಅದೂ ಒಂದು ಸ್ವರಸ್ಥಾನ ಕೆಳಗೆ. ಆರು ವಾರಕ್ಕೆ ಹೊಸ ಜಡ್ಡು ಬಂತು. ತಾಳ ಮಾತ್ರ ಎರಡನೇ ದಿನವೇ ಬಂದಿತ್ತು.

ಎರಡು ವರ್ಷದ ನಂತರ ಸ್ಟ್ರಾಟೋಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಅಗ್ಗದ ನಕಲೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡೆ. ರಾಕ್ ಗಿಟಾರುವಾದಕ ಜಿಮಿ ಹೆಂಡ್ರಿಕ್ಸ್ ಇಂಥ ಬಲಗೈ ಗಿಟಾರನ್ನೇ ತಿರುವಿ ನುಡಿಸಿದ್ದು ಅನ್ನುವ ಹುಚ್ಚು. 1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಆತ ನುಡಿಸಿದ ಬಿಳಿ ಗಿಟಾರಿನ ಚಿತ್ರ ನೋಡಿ, ಗುಂಡಿಗಳು ಮೇಲಿವೆ, ಉದ್ದನೆಯ ಕೊಂಬು ಕೆಳಗಿದೆ. ಇಲ್ಲಿ ಸ್ಯಾಡಲ್ಲಿನ ಕಾಟವಿಲ್ಲ, ಪ್ರತಿ ತಂತಿಗೂ ಅದರದೇ ಸ್ಯಾಡಲ್, ಸ್ಕ್ರೂ ತಿರುಗಿಸಿ ಉದ್ದ ಹೊಂದಿಸಬಹುದು. ಕುದುರೆಯ ಬಳಿಯ ಪಿಕಪ್ (ತಂತಿಯ ದನಿಯನ್ನು ಹಿಡಿಯುವ ಭಾಗ) ಓರೆಯಾಗಿರುವುದರಿಂದ ಇನ್ನೊಂದು ತಮಾಷೆ ನಡೆಯುತ್ತದೆ. ತಿರುವಿದಾಗ ದಪ್ಪ ತಂತಿಗಳ ದನಿಯನ್ನು ಅದು ಕುದುರೆಗೆ ಹತ್ತಿರದಿಂದ ಹಿಡಿಯುತ್ತದೆ, ಮಂದ್ರ ಬಿಗಿಯಾಗಿ ಮೊನಚಾಗುತ್ತದೆ. ಸಣ್ಣ ತಂತಿಗಳ ಕೀರಲು ತಗ್ಗಿ ದನಿ ದುಂಡಗಾಗುತ್ತದೆ. ತಿರುವಿದರೆ ತಂತಿಯ ಬಿಗಿತ ಬದಲಾಗುತ್ತದೆ ಅಂತ ಹಲವರು ಹೇಳುತ್ತಾರೆ, ನಂಬಬೇಡಿ. ನಟ್ಟಿನಿಂದ ಸ್ಯಾಡಲ್ಲಿಗೆ ಅದೇ 25.5 ಇಂಚು, ಅದೇ ಶ್ರುತಿ, ಅದೇ ಬಿಗಿತ. ನಟ್ಟಿನ ಆಚೆ ಬಿರಡೆಯವರೆಗಿನ ಉದ್ದ ಬೇರೆಯಾಗುವುದರಿಂದ ತಂತಿ ಎಳೆಯುವಾಗ ಬೆರಳಿಗೆ ತುಸು ಬೇರೆ ಅನಿಸುತ್ತದೆ, ಅಷ್ಟೆ.

ಹೆಂಡ್ರಿಕ್ಸ್ ಆಗುವುದಕ್ಕೆ ನನಗೆ ಅಡ್ಡಿ ಬಂದದ್ದು ಮುಂಗೈ (ಪ್ರತಿಭೆಯ ಮಾತು ಬಿಡಿ). ಜೋರಾಗಿ ಬಾರಿಸಿದಾಗಲೆಲ್ಲ ಮುಂಗೈ ತಗಲಿ ವಾಲ್ಯೂಮ್ ಗುಂಡಿ ಸೊನ್ನೆಗೆ ಬರುತ್ತಿತ್ತು. ಹಾಡಿನ ನಡುವೆ ಗಿಟಾರು ಮಾಯ! ಮೂರು ಸಲ ಹೀಗಾದ ಮೇಲೆ ಎಡಗೈಯವರಿಗೆಂದೇ ಮಾಡಿದ ಗಿಟಾರನ್ನು ತರಿಸಿಕೊಂಡೆ. ಅಂಗಡಿಯಲ್ಲಿ ಇದ್ದದ್ದು ಒಂದೇ ಬಣ್ಣ, ಒಂದೇ ಮಾದರಿ. ಬೇಕಾದರೆ ತಗೊಳ್ಳಿ ಅನ್ನುವ ಧಾಟಿ. ತಗೊಂಡೆ. ಈಗಲೂ ಅದೇ.

ಆದರೆ ಗೆಳೆಯರ ಮನೆಗೆ ಹೋದರೆ ಕೈಗೆ ಸಿಗುವುದು ಬಲಗೈ ಗಿಟಾರು, ತಂತಿ ಬಿಚ್ಚುವಂತಿಲ್ಲ. ಇದಕ್ಕೆ ಬ್ಲೂಸ್‌ನ ಆಲ್ಬರ್ಟ್ ಕಿಂಗ್, ಸರ್ಫ್ ರಾಕ್‌ನ ಡಿಕ್ ಡೇಲ್ ಹಿಡಿದ ದಾರಿಯೇ ಇದೆ: ತಂತಿ ಬದಲಿಸದೆ ಗಿಟಾರನ್ನಷ್ಟೇ ಮಗುಚಿ ಹಿಡಿಯುವುದು. ಸಣ್ಣ ತಂತಿ ಮೇಲಕ್ಕೆ ಬರುತ್ತದೆ. ಎಲ್ಲರೂ ಮೇಲೆ ತಳ್ಳುವ ಆ ತಂತಿಯನ್ನು ಕಿಂಗ್ ನೆಲದ ಕಡೆಗೆ ಜಗ್ಗುತ್ತಿದ್ದ. ಜಗ್ಗಿ ನೋಡಿದೆ, ಮುಷ್ಟಿಯ ಬಲವೆಲ್ಲ ತಂತಿಗೆ ಬಂತು. ಕಾರ್ಡುಗಳು ಮಾತ್ರ ಅ ಆ ಇ ಈಯಿಂದ. ಜಿ, ಸಿ, ಡಿ, ಇ ಮೈನರ್ ಇಷ್ಟು ಕಲಿತಿದ್ದೇನೆ. ಹಾಡಿನಲ್ಲಿ ಎಫ್ ಬಂತೆಂದರೆ ಗಿಟಾರು ವಾಪಸು ಕೊಟ್ಟು ಕಾಫಿ ಕೇಳುತ್ತೇನೆ.